ಕಾರು ಪಳಪಳ, ಎಂಜಿನ್ ಗೊರಗೊರ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಬಾನೆಟ್ ಬೆಚ್ಚಗಿದ್ದರೆ ಸ್ವಲ್ಪ ಅನುಮಾನ ಪಡಿ. ಎಂಜಿನ್ನಿನ ಕಾಯಿಲೆ ಜಾಸ್ತಿ ಕಾಣುವುದು ಅದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ. ನನಗೆ ತೋರಿಸಿದ ಕಾರು ಬೆಚ್ಚಗೇ ಇತ್ತು. 'ಈಗಷ್ಟೇ ತೊಳೆಸಿಕೊಂಡು ಬಂದ್ವಿ ಸಾರ್' ಅಂದರು ಡೀಲರ್. ಮನೆಗೆ ತಂದ ಮರುದಿನ ಬೆಳಿಗ್ಗೆ ಸೈಲೆನ್ಸರಿನಿಂದ ನೀಲಿ ಹೊಗೆ. ಅಂದರೆ ಪೆಟ್ರೋಲ್ ಜೊತೆ ಎಂಜಿನ್ ಆಯಿಲ್ ಕೂಡ ಉರಿಯುತ್ತಿದೆ.

ಮೆಕ್ಯಾನಿಕ್ ಮೊದಲು ನೋಡಿದ್ದು ಎಂಜಿನ್ ಅಲ್ಲ, ಬ್ರೇಕ್ ಪೆಡಲ್. ಅದರ ರಬ್ಬರ್ ಸವೆದು ನುಣ್ಣಗಾಗಿತ್ತು. ಮೀಟರ್ ಮಾತ್ರ ಹೊಸ ಕಾರಿನ ಹಾಗೆ ಕಡಿಮೆ ಕಿಲೋಮೀಟರ್ ತೋರಿಸುತ್ತಿತ್ತು! ಡಿಜಿಟಲ್ ಮೀಟರನ್ನೂ ಹಿಂದಕ್ಕೆ ತಿರುಗಿಸುತ್ತಾರೆ. ಅದಕ್ಕೆ ಹಳೆಯ ಸರ್ವಿಸ್ ದಾಖಲೆ ಕೇಳಬೇಕು. ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವ, ಅದು ತಯಾರಾದ ಕಾಲ ಹೇಳುವ ನಾಲ್ಕು ಅಂಕಿಯನ್ನೂ ಓದಬೇಕು. 2319 ಅಂತಿದ್ದರೆ ಆ ಟೈರ್ 2019ರ 23ನೇ ವಾರ ತಯಾರಾದದ್ದು.

ಆಮೇಲೆ ಮೀಟರ್ ಬಳಿ ಎಂಜಿನ್ ದೋಷದ ಎಚ್ಚರಿಕೆ ಲೈಟೂ ಹತ್ತಿಕೊಂಡಿತು. ಮಾರುವವರು ಸ್ಕ್ಯಾನರ್ (ಕಾರಿನ ದೋಷ ಓದುವ ಯಂತ್ರ) ಹಾಕಿ ಆ ಎಚ್ಚರಿಕೆಯನ್ನು ಅಳಿಸಬಹುದು. ದೋಷ ಹಾಗೇ ಇದ್ದರೆ ಒಂದಷ್ಟು ಓಡಿದ ಮೇಲೆ ಅದು ಮತ್ತೆ ಬರುತ್ತದೆ. ಇದಕ್ಕೂ ಅಷ್ಟು ಬುದ್ಧಿ ಖರ್ಚು ಮಾಡುವವರು ಎಂಜಿನ್ನನ್ನೇ ರಿಪೇರಿ ಮಾಡಿಸಬಹುದಿತ್ತು, ಅಲ್ವಾ?

ಡೀಲರ್ ಹತ್ತಿರ ಹೋದೆ. ಮಾರುವಾಗ ಟೀ ಕೊಟ್ಟವರೇ ಈಗ ಕೂರಿ ಅಂತಲೂ ಹೇಳಲಿಲ್ಲ. 'ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತೇನೆ ಅಂತ ಸಹಿ ಹಾಕಿದ್ದೀರಲ್ಲ' ಅಂದರು. ಆದರೆ 'ಎಂಜಿನ್ ಪಕ್ಕಾ, ಕಿಲೋಮೀಟರ್ ಜೆನ್ಯೂನ್' ಅಂತ ಅವರೇ ಕಳಿಸಿದ ಮೆಸೇಜ್ ಫೋನಿನಲ್ಲಿದೆ. ಅದನ್ನೂ ಮೆಕ್ಯಾನಿಕ್ ಬರೆದುಕೊಟ್ಟ ವರದಿಯನ್ನೂ ಸೇರಿಸಿ ಲಿಖಿತ ದೂರು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.