ಮಳೆಗಾಲದ ಮಣ್ಣು

ಕಾರವಾರದ ಮಳೆಗಾಲದಲ್ಲಿ ಹಸಿ ಮಣ್ಣಿನ ಬೋಗುಣಿ ಒಣಗಿಸೋದೇ ದೊಡ್ಡ ಕೆಲಸ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಅಂತಲೇ ಲೆಕ್ಕ. ಹಾಗೇ ಭಟ್ಟಿಗಿಟ್ಟರೆ 100 ಡಿಗ್ರಿ ದಾಟುವಾಗ ಆವಿ ಒತ್ತಿ ಸಿಡಿಯುತ್ತೆ.

ಒಣಗೋ ತನಕ ಕಡಲು ಇದ್ದೇ ಇದೆಯಲ್ಲ, ಅಲ್ಲಿ ಸಿಗೋ ಚೂರುಗಳನ್ನ ಮಣ್ಣಿನ ಜೊತೆ ಸೇರಿಸಿ ಕಲಾಕೃತಿ ಮಾಡ್ತೇನೆ. ಕಾಳಿ ನದಿ ಸಮುದ್ರ ಸೇರೋ ಕಡೆ ಇವತ್ತು ಸಿಕ್ಕಿದ್ದು ಅಂಚು ಸವೆದು ನುಣುಪಾದ ಮಂಗಳೂರು ಹೆಂಚಿನ ಚೂರು, ದೋಣಿ ಹಲಗೆಯ ತುಂಡು. ಹಲಗೆಯಲ್ಲಿ ಮೊಳೆ ಇದ್ದ ತೂತಿನ ಸುತ್ತ ತುಕ್ಕಿನ ಕೆಂಪು ಎಳೆಎಳೆಯಾಗಿ ಹರಡಿದೆ. ಗ್ಲೇಜಿಗೆ, ಅಂದರೆ ಮಣ್ಣಿನ ಪಾತ್ರೆಗೆ ಬಳಿಯೋ ಗಾಜಿನಂಥ ಲೇಪಕ್ಕೆ, ಎಷ್ಟು ಕಬ್ಬಿಣದ ಆಕ್ಸೈಡ್ ಬೆರೆಸಿದರೂ ನನಗೆ ಆ ಬಣ್ಣ ಬಂದಿಲ್ಲ.

"ಇದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ ತಂಗಿ?" ಬಲೆ ಹೆಣೆಯುತ್ತಿದ್ದ ಅಜ್ಜ ಕೇಳಿದರು. ಕೊಡೋರು ಕಮ್ಮಿ, ನಿಜ. ಮನೆಖರ್ಚು ನಡೆಯೋದು ಚಹಾ ಕಪ್ಪುಗಳಿಂದ. ಆದರೂ ಈ ಹಲಗೆಗೆ ಹೊಂದೋ ಮಣ್ಣಿನ ಭಾಗ ಮಾಡಿಯೇ ಮಾಡ್ತೇನೆ, ಯಾರು ಕೊಳ್ಳಲಿ ಬಿಡಲಿ.