ಐದು ಡಾಲರಿನ ಚೀಟಿ

ಇಂದು ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟೇನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಾರು ನಿಲ್ಲಿಸಲು 5 ಡಾಲರ್ ತೆತ್ತು ಪಡೆದ ಚೀಟಿಯನ್ನು ಮುಂಗಾಜಿನ ಬಳಿ ಇಡುವಾಗ, ಈ ಹಣ ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ ಹುಟ್ಟಿತು.

ಟೆನ್ನೆಸ್ಸೀ ರಾಜ್ಯವು ಉದ್ಯಾನದ ಮೂಲಕ ಹಾಯುವ ತನ್ನ ರಸ್ತೆಯನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸುವಾಗ ಸುಂಕ ವಿಧಿಸಕೂಡದೆಂಬ ಷರತ್ತು ಹಾಕಿದ್ದರಿಂದ ಇಲ್ಲಿ ಪ್ರವೇಶ ಶುಲ್ಕವಿಲ್ಲ. 2023ರಿಂದ ವಾಹನ ನಿಲುಗಡೆಗೆ ಮಾತ್ರ ಶುಲ್ಕವಿದ್ದು, ಅದರ ಪೂರ್ತಿ ಮೊತ್ತ ಇದೇ ಉದ್ಯಾನದಲ್ಲಿ ಉಳಿಯುತ್ತದೆ. (ಕಾಲು ಗಂಟೆಯೊಳಗೆ ಹೊರಟರೆ ಅದೂ ಬೇಕಿಲ್ಲ, ನಮ್ಮವರಲ್ಲಿ ಕೆಲವರು ಗಡಿಯಾರ ನೋಡಿಕೊಂಡೇ ಕಾಡು ನೋಡಿಯಾರು.)

ಇಂಥ ಉದ್ಯಾನಗಳನ್ನೆಲ್ಲ ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ 2024ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒದಗಿಸಿದ ಸುಮಾರು 330 ಕೋಟಿ ಡಾಲರ್‌ಗಳಲ್ಲಿ ದೈನಂದಿನ ನಿರ್ವಹಣೆಯ ಪಾಲೇ ಸುಮಾರು 290 ಕೋಟಿ. ಅದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆಂದು ಗೊಣಗುವವರಿದ್ದಾರೆ. ಆದರೆ ಶೌಚಾಲಯ ತೊಳೆಯುವವರು, ಕಾಲುದಾರಿಗೆ ಅಡ್ಡಬಿದ್ದ ಮರ ಕತ್ತರಿಸುವವರು, ದಾರಿ ತಪ್ಪಿದವರನ್ನು ಹುಡುಕಿ ತರುವ ರೇಂಜರ್‌ಗಳು ಎಲ್ಲರೂ ಆ ಲೆಕ್ಕದೊಳಗೇ ಇರುವುದರಿಂದ ನನಗದು ದುಂದೆನಿಸುವುದಿಲ್ಲ. ನಿಜವಾದ ಚಿಂತೆಯಿರುವುದು ವರ್ಷವರ್ಷವೂ ಮುಂದೂಡುತ್ತ ಬಂದ ದುರಸ್ತಿಯ ಬಾಕಿಯಲ್ಲಿ: ಅದು 2000 ಕೋಟಿ ಡಾಲರ್ ದಾಟಿದ್ದು, ಅದರಲ್ಲಿ ರಸ್ತೆಗಳದ್ದೇ ದೊಡ್ಡ ಪಾಲು.