ಕೇಳಿಸುವುದು ಒಂದೇ ಪದ, ಅರ್ಥ ಎರಡು: ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕಲಿಸಿದ್ದು

ನಾನು ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕೆಲಸ ಮಾಡುತ್ತೇನೆ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಡಿಕ್ಟೇಶನ್ ಕೊಡುತ್ತಾರೆ, ಅದರಿಂದ ನಾವು ರಿಪೋರ್ಟ್ ಮಾಡುತ್ತೇವೆ. ಈಗ ಎಷ್ಟೋ ಕಡೆ ಸಾಫ್ಟ್‌ವೇರೇ ಮೊದಲು ಟೈಪ್ ಮಾಡಿಬಿಡುತ್ತದೆ. ನಾವು ಆಡಿಯೋ ಕೇಳುತ್ತಾ ತಿದ್ದಬೇಕು. ಇಂಗ್ಲಿಷ್ ಚೆನ್ನಾಗಿ ಕೇಳಿಸಿಕೊಂಡರೆ ಸಾಕು ಅಂತ ಹೊಸಬರು ಅಂದುಕೊಂಡಿರುತ್ತಾರೆ. ಸಾಲದು. ಡಾಕ್ಟರ್ ಹೇಳಿದ್ದು ಯಾವ ಪದ ಅನ್ನೋದು ಎಷ್ಟೋ ಸಲ ಗೊತ್ತಾಗುವುದು ರಿಪೋರ್ಟಿನ ಉಳಿದ ಸಾಲುಗಳಿಂದ.

ಇಲಿಯಮ್ ಅನ್ನೋ ಪದವನ್ನೇ ನೋಡಿ. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಎರಡು. ನಡುವೆ ಇಂಗ್ಲಿಷಿನ ‘ಇ’ ಅಕ್ಷರ ಬಂದರೆ (ileum) ಸಣ್ಣ ಕರುಳಿನ ಕೊನೆಯ ಭಾಗ. ‘ಐ’ ಬಂದರೆ (ilium) ಸೊಂಟದ ಮೂಳೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕುವುದಿಲ್ಲ. ಕೊಲೊನೋಸ್ಕೋಪಿ ರಿಪೋರ್ಟ್ ಆದರೆ ಕರುಳು, ಸೊಂಟದ ಎಕ್ಸ್‌ರೇ ಆದರೆ ಮೂಳೆ. ಇದು ಸುಲಭದ್ದು.

‘ಏಫೆಬ್ರೈಲ್’ ಸ್ವಲ್ಪ ಕಷ್ಟ. ಅಂದರೆ ಜ್ವರ ಇಲ್ಲ. ಡಾಕ್ಟರ್ ಗಡಿಬಿಡಿಯಲ್ಲಿ ಮಾತಾಡಿ ಆ ‘ಏ’ ನುಂಗಿದರೆ ಜ್ವರ ಇದೆ ಅಂತಾಗುತ್ತದೆ! ಆಗ ಟೆಂಪರೇಚರ್ ಎಷ್ಟು ಹೇಳಿದ್ದಾರೆ ನೋಡಬೇಕು: 98.4 ಇದೆಯೋ, 102 ಇದೆಯೋ? ಆ ಸಾಲು ಇವತ್ತಿನದೋ, ಅಡ್ಮಿಟ್ ಆದ ದಿನದ್ದೋ ಅನ್ನೋದನ್ನೂ ನೋಡಬೇಕು. ಹೈಪರ್‌ಟೆನ್ಶನ್ (ಬಿಪಿ ಜಾಸ್ತಿ), ಹೈಪೋಟೆನ್ಶನ್ (ಬಿಪಿ ಕಡಿಮೆ) ಕೂಡ ಹೀಗೇ. ಬಿಪಿ 90/50 ಇದೆ ಅಂತ ಎಲ್ಲ ಕಡೆ ‘ಹೈಪೋ’ ಹಾಕಬಾರದು. ಹಳೆಯ ಕಾಯಿಲೆಗಳ ಪಟ್ಟಿಯಲ್ಲಿ ಹೈಪರ್‌ಟೆನ್ಶನ್ ಇರಬಹುದು, ರೋಗಿ ಅದಕ್ಕೆ ಮಾತ್ರೆ ತಗೊಳ್ಳುತ್ತಿರಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಎಚ್ಚರಿಕೆ ಬೇಕೆನಿಸುವ ಜೋಡಿ ಡಿಸ್‌ಫೇಜಿಯಾ ಮತ್ತು ಡಿಸ್‌ಫೇಸಿಯಾ. ಮೊದಲನೆಯದು ನುಂಗುವ ತೊಂದರೆ. ಎರಡನೆಯದು ಮಾತಿನ ತೊಂದರೆ. ಸ್ಟ್ರೋಕ್ ಆದವರಿಗೆ ಎರಡೂ ಬರಬಹುದು, ಆದ್ದರಿಂದ ‘ಸ್ಟ್ರೋಕ್ ಕೇಸು, ಮಾತಿನದ್ದೇ ಇರಬೇಕು’ ಅನ್ನೋ ಊಹೆ ನಡೆಯುವುದಿಲ್ಲ. ಸ್ಪೀಚ್ ಥೆರಪಿಸ್ಟ್ ಬಂದಿದ್ದರು ಅಂತ ಬರೆದಿದ್ದರೂ ನಿರ್ಧಾರ ಆಗುವುದಿಲ್ಲ. ನುಂಗುವುದನ್ನು ಪರೀಕ್ಷೆ ಮಾಡುವವರೂ ಅವರೇ. ಮುಂದೆ ಓದಬೇಕು. ನೀರನ್ನು ಮಂದ ಮಾಡಿ ಕುಡಿಸಿ, ಮೆತ್ತಗಿನ ಊಟ ಕೊಡಿ ಅಂತಿದ್ದರೆ ನುಂಗುವುದು. ಪದ ಸಿಗದೆ ತಡವರಿಸುತ್ತಾರೆ, ವಸ್ತುವಿನ ಹೆಸರು ಹೇಳಲಾಗುತ್ತಿಲ್ಲ ಅಂತಿದ್ದರೆ ಮಾತು. ನುಂಗಲಾಗದವರ ರಿಪೋರ್ಟಿನಲ್ಲಿ ಮಾತಿನ ತೊಂದರೆ ಅಂತ ಬರೆದರೆ, ಅದನ್ನು ನಂಬಿ ಯಾರಾದರೂ ಮಾಮೂಲಿ ಊಟ ಕೊಟ್ಟಾರು. ಊಟ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು.

ಔಷಧಿ ಹೆಸರುಗಳ ಗೊಂದಲ ಕಂಪನಿಗಳಿಗೇ ಬಿಸಿ ಮುಟ್ಟಿಸಿದೆ. ಅಮೆರಿಕದಲ್ಲಿ ಅಸಿಡಿಟಿಯ ಲೋಸೆಕ್ ಔಷಧಿಯನ್ನು ಮೂತ್ರ ಹೆಚ್ಚಿಸುವ ಲೇಸಿಕ್ಸ್ ಅಂದುಕೊಳ್ಳುತ್ತಿದ್ದರು. ಎರಡರಲ್ಲೂ 20 ಮಿಲಿಗ್ರಾಂ ಡೋಸ್ ಇತ್ತು. ಅದಕ್ಕೇ 1990ರಲ್ಲಿ ಲೋಸೆಕ್ ಅಲ್ಲಿ ಪ್ರೈಲೋಸೆಕ್ ಆಯಿತು. ಕೀಲುನೋವಿನ ಸೆಲೆಬ್ರೆಕ್ಸ್, ಖಿನ್ನತೆಯ ಸೆಲೆಕ್ಸಾ ಈಗಲೂ ಕಾಡುತ್ತವೆ. ಅಲ್ಲಿ ಡೋಸ್ ಕೈ ಹಿಡಿಯುತ್ತದೆ: 200 ಮಿಲಿಗ್ರಾಂ ಅಂದರೆ ಸೆಲೆಬ್ರೆಕ್ಸ್, 20 ಅಂದರೆ ಸೆಲೆಕ್ಸಾ. ಆದರೆ ಫಿಫ್ಟೀನ್, ಫಿಫ್ಟಿ ಥರ ಡೋಸೇ ಸರಿಯಾಗಿ ಕೇಳಿಸದಿದ್ದರೆ?

ಆಗ ಬ್ಲ್ಯಾಂಕ್ ಬಿಡಬೇಕು. ಕೆಲವು ಕಡೆ ಬ್ಲ್ಯಾಂಕ್ ಬಿಟ್ಟರೆ ಅಂಕ ಕಡಿಮೆ ಮಾಡುತ್ತಾರೆ. ಇದು ತಪ್ಪು ಪದ್ಧತಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಅಂಕದ ಭಯಕ್ಕೆ ಜನ ಊಹಿಸಿ ತುಂಬಿಬಿಡುತ್ತಾರೆ, ಹಾಗೆ ತುಂಬಿದ ಪದ ಸರಿಯಾದ ಪದದಂತೆಯೇ ಕಾಣುತ್ತದೆ, ಆಮೇಲೆ ಯಾರೂ ಅನುಮಾನ ಪಡುವುದಿಲ್ಲ. ನಮ್ಮ ಟೀಮಿಗೆ ಸೇರುವವರಿಗೆ ನಾನು ಹೇಳುವುದು ಇಷ್ಟೇ: ಮೂರು ಸಲ ಕೇಳಿ, ಪೂರ್ತಿ ರಿಪೋರ್ಟ್ ಓದಿ, ಆಗಲೂ ಖಾತ್ರಿ ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ಆಡಿಯೋದಲ್ಲಿ ಎಷ್ಟನೇ ನಿಮಿಷ, ಕಿವಿಗೆ ಏನು ಕೇಳಿಸಿತು ಅಂತ ಪಕ್ಕದಲ್ಲಿ ಬರೆದು ಕ್ಯೂಎಗೆ (ರಿಪೋರ್ಟಿನ ಗುಣಮಟ್ಟ ಪರಿಶೀಲಿಸುವವರಿಗೆ) ಕಳಿಸಿ. ಅವರಿಗೂ ತಿಳಿಯದಿದ್ದರೆ ಡಾಕ್ಟರೇ ತುಂಬುತ್ತಾರೆ.